ತಿರುಳ್ಗನ್ನಡದ ತಿರುಕನ ಮರಳುದಾರಿ

ಸರ್ವಜ್ಞನ ಒಂದಾದರೂ ತ್ರಿಪದಿ ಬಾಯಿಗೆ ಬಾರದ ಕನ್ನಡಿಗರು ವಿರಳ. ಆದರೆ ಊರೂರುಗಳಲ್ಲಿ ಚದುರಿಹೋಗಿದ್ದ ಆ ತ್ರಿಪದಿಗಳನ್ನು ಕಲೆಹಾಕಿ, ಪಾಠಗಳನ್ನು ಹೋಲಿಸಿ ನೋಡಿ, ಸುಮಾರು ಎರಡು ಸಾವಿರ ಪದ್ಯಗಳ ಸಂಪುಟವನ್ನು 1924ರಲ್ಲಿ ಕನ್ನಡಿಗರ ಕೈಗಿತ್ತವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪ.

ಚನ್ನಪ್ಪ ಹುಟ್ಟಿದ್ದು 1881ರ ಅಕ್ಟೋಬರ್ 28ರಂದು, ಧಾರವಾಡದಲ್ಲಿ. ಹೆಸರಿನ ಮುಂದಿರುವ ಉತ್ತಂಗಿ ಎಂಬುದು ಹೂವಿನಹಡಗಲಿ ತಾಲ್ಲೂಕಿನ ಒಂದು ಹಳ್ಳಿ. ಅವರ ಹಿರಿಯರು ಆ ಊರಿನ ಲಿಂಗಾಯತರು. ಅಜ್ಜನ ಕಾಲಕ್ಕೆ ಮನೆತನ ಕ್ರೈಸ್ತಮತವನ್ನು ಸೇರಿತು. ಮತ ಬದಲಾದರೂ ಊರಿನ ಹೆಸರು ಹೋಗಲಿಲ್ಲ, ಮಗುವಿಗೆ ಇಟ್ಟ ಹೆಸರಿನಲ್ಲಿ ಚನ್ನಪ್ಪನೂ ಉಳಿದ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ದೇವಜ್ಞಾನ ಶಾಲೆಯಲ್ಲಿ ಓದಿ ಪಾದ್ರಿಯಾದ ಈ ವ್ಯಕ್ತಿಯ ಮುಂದಿನ ಬದುಕೆಲ್ಲ ಆ ಎರಡು ಹೆಸರುಗಳ ಅರ್ಥವನ್ನು ಹುಡುಕಿಕೊಂಡು ನಡೆದಂತೆ ಕಾಣುತ್ತದೆ.

ಕಿವಿ ಮುಚ್ಚಿಕೊಂಡ ಯಾತ್ರಿಕ

ಕನ್ನಡದಲ್ಲಿ ಕ್ರೈಸ್ತ ಕಥನ ಆರಂಭವಾದದ್ದು ಅನುವಾದದಿಂದ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರು 1810ರಲ್ಲೇ ನೆಲೆಯೂರಿದ್ದರು. ಅಲ್ಲಿದ್ದ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ತೊಡಗಿದರೆ, ವಿಲಿಯಂ ರೀವ್ ನಿಘಂಟು ಕಟ್ಟಿದರು. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದರು. ಇಂಗ್ಲೆಂಡಿನ ಜಾನ್ ಬನ್ಯನ್ 1678ರಲ್ಲಿ ಪ್ರಕಟಿಸಿದ ರೂಪಕ ಕಥೆ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ಬಂದದ್ದು ಇವರಿಂದಲೇ, 1840ರ ದಶಕದಲ್ಲಿ.

ಆ ಕಥೆಯ ನಾಯಕ ತನ್ನ ಊರು ನಾಶವಾಗಲಿದೆ ಎಂದು ತಿಳಿದು ಮನೆಬಿಟ್ಟು ಓಡುತ್ತಾನೆ. ಹೆಂಡತಿ ಮಕ್ಕಳು ಕೂಗಿ ಕರೆದರೂ ಕಿವಿಗೆ ಬೆರಳಿಟ್ಟುಕೊಂಡು ಮುಂದೆ ಸಾಗುತ್ತಾನೆ. ಹತ್ತೊಂಬತ್ತನೆಯ ಶತಮಾನದ ಮಿಶನರಿಗಳು ಮತಾಂತರವನ್ನು ಬಹುಮಟ್ಟಿಗೆ ಹೀಗೆಯೇ ಕಂಡರು. ಹೊಸ ನಂಬಿಕೆ ಎಂದರೆ ಹಳೆಯ ಊರನ್ನು ಬಿಟ್ಟು ಹೊರಡುವುದು. ಹಾಗೆಂದು ಅವರು ಕನ್ನಡದ ಹಳೆಯ ಸಾಹಿತ್ಯವನ್ನು ಕಡೆಗಣಿಸಿದರು ಎನ್ನಲಾಗದು. ಮೋಗ್ಲಿಂಗ್ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನು ಅಚ್ಚುಹಾಕಿಸಿದರು. ಕಿಟ್ಟೆಲ್ 1894ರಲ್ಲಿ ತಮ್ಮ ಮಹಾನಿಘಂಟನ್ನು ಹೊರತಂದರು. ಆದರೂ ಅವರದು ಹೊರಗಿನಿಂದ ಬಂದು ಕಲಿತವರ ಪ್ರೀತಿ.

ಚನ್ನಪ್ಪನವರ ಸ್ಥಿತಿ ಬೇರೆ. ಅವರ ಹಿರಿಯರು ಬಿಟ್ಟುಬಂದ ಊರು ಯಾವುದೋ ರೂಪಕದ ಪಟ್ಟಣವಾಗಿರಲಿಲ್ಲ. ತುಂಗಭದ್ರೆಯ ದಂಡೆಯ ತಾಲ್ಲೂಕಿನಲ್ಲಿರುವ, ಬಂಧುಬಳಗದ ಊರು ಅದು. ಅವರು ಸೇವೆಗೆ ಸೇರಿದ ಕೆಲವೇ ವರ್ಷಗಳಲ್ಲಿ ಮೊದಲ ಮಹಾಯುದ್ಧ ಬಂತು. ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ದೇಶದಿಂದ ಹೊರಗೆ ಕಳುಹಿಸಿತು. ಸಭೆಗಳನ್ನು ನಡೆಸುವ ಭಾರ ಈ ನೆಲದ ಪಾದ್ರಿಗಳ ಮೇಲೆ ಹೆಚ್ಚು ಹೆಚ್ಚಾಗಿ ಬಿತ್ತು. ಯಾರ ಮಾತಿನಲ್ಲಿ, ಯಾರ ಉಪಮೆಗಳಲ್ಲಿ ಬೋಧಿಸಬೇಕು ಎಂಬ ಪ್ರಶ್ನೆ ಆಗ ಇನ್ನಷ್ಟು ಹತ್ತಿರಕ್ಕೆ ಬಂತು. ಚನ್ನಪ್ಪನವರು ಕಂಡುಕೊಂಡ ಉತ್ತರ, ಮುಚ್ಚಿದ ಕಿವಿಯನ್ನು ತೆರೆಯುವುದು.

ಕೇಳಿ ಕಟ್ಟಿದ ಗ್ರಂಥ

ಕಿವಿಗೊಟ್ಟರೆ ಕೇಳುವುದಕ್ಕೆ ಆ ಸೀಮೆಯಲ್ಲಿ ಕೊರತೆಯಿರಲಿಲ್ಲ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯ ಬಿಲ್ಲೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳಲು ಜನಸಾಗರವೇ ಸೇರುತ್ತದೆ. ಅದರ ಅರ್ಥವನ್ನು ರೈತರು ವರ್ಷವಿಡೀ ಚರ್ಚಿಸುತ್ತಾರೆ. ಹರಪನಹಳ್ಳಿಯ ಭೀಮವ್ವನ ಹಾಡುಗಳು ಹೆಂಗಸರ ಬಾಯಲ್ಲಿ ಬಾಳಿದವು. ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿಗಳ ಕಡೆ ಬೀಸುವ ಕಲ್ಲಿನ ಮುಂದೆ ಹುಟ್ಟಿದ್ದು ತ್ರಿಪದಿ. ಈ ಛಂದಸ್ಸಿನ ವಯಸ್ಸೂ ಸಣ್ಣದಲ್ಲ. ಸುಮಾರು ಕ್ರಿ.ಶ. 700ರ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಅದು ಕಾಣಿಸುತ್ತದೆ. ಮೂರು ಸಾಲು, ಹನ್ನೊಂದು ಗಣ. ಹಾಡುವಾಗ ಎರಡನೆಯ ಸಾಲು ಮರುಕಳಿಸುವುದರಿಂದ ನೆನಪಿನಲ್ಲಿ ಸುಲಭವಾಗಿ ನಿಲ್ಲುತ್ತದೆ.

ಸಂಪಾದಕನಿಗೆ ಕಷ್ಟ ತಂದೊಡ್ಡುವುದೂ ಈ ಗುಣವೇ. ನೆನಪಿನಲ್ಲಿ ನಿಲ್ಲುವ ಪದ್ಯ ನೆನಪಿನಲ್ಲೇ ಬದಲಾಗುತ್ತದೆ. ಒಂದು ಊರಿನಲ್ಲಿ ಒಂದು ಪದ, ಇನ್ನೊಂದು ಊರಿನಲ್ಲಿ ಮತ್ತೊಂದು. ಕೊನೆಯಲ್ಲಿ ‘ಸರ್ವಜ್ಞ’ ಎಂಬ ಅಂಕಿತ ಸೇರಿಸಿದರೆ ಯಾರು ಕಟ್ಟಿದ ನೀತಿಪದ್ಯವೂ ಸರ್ವಜ್ಞನದಾಗಿಬಿಡುತ್ತದೆ. ಚನ್ನಪ್ಪನವರು ಹಸ್ತಪ್ರತಿಗಳನ್ನು ಹುಡುಕಿದರು, ಜನರ ಬಾಯಲ್ಲಿದ್ದುದನ್ನು ಬರೆದುಕೊಂಡರು. ಪಾಠಗಳನ್ನು ಒಂದರ ಪಕ್ಕ ಒಂದಿಟ್ಟು ತೂಗಿ ನೋಡಿ, ವಿಷಯಾನುಸಾರವಾಗಿ ಪದ್ಧತಿಗಳಲ್ಲಿ ಜೋಡಿಸಿದರು. ಕವಿಯ ಕಾಲ, ಜನ್ಮಸ್ಥಳ, ಅಬಲೂರು-ಮಾಸೂರುಗಳ ಸುತ್ತ ಹೆಣೆದುಕೊಂಡ ಹುಟ್ಟಿನ ಕಥೆ ಇವೆಲ್ಲವನ್ನೂ ವಿಮರ್ಶಿಸಿದರು.

ನೆರೆಯ ಭಾಷೆಗಳತ್ತ ನೋಡಿದರೆ ಈ ಕೆಲಸದ ವಿಶೇಷ ತಿಳಿಯುತ್ತದೆ. ತೆಲುಗಿನ ವೇಮನನ ಪದ್ಯಗಳನ್ನು 1829ರಲ್ಲಿ ಪ್ರಕಟಿಸಿದವರು ಸಿ.ಪಿ. ಬ್ರೌನ್ ಎಂಬ ಇಂಗ್ಲಿಷ್ ಅಧಿಕಾರಿ. ತಮಿಳಿನ ತಿರುಕ್ಕುರಳನ್ನು 1886ರಲ್ಲಿ ಇಂಗ್ಲಿಷಿಗೆ ತಂದವರು ಜಿ.ಯು. ಪೋಪ್ ಎಂಬ ಮಿಶನರಿ. ಕನ್ನಡದ ಸರ್ವಜ್ಞನಿಗೆ ದೊರೆತ ಪಾದ್ರಿ, ಸರ್ವಜ್ಞನ ಮಾತನ್ನೇ ಮನೆಮಾತಾಗಿ ಆಡುತ್ತ ಬೆಳೆದವರು.

ಇನ್ನೊಂದು ಹೋಲಿಕೆಯೂ ಇಲ್ಲಿ ಗಮನಾರ್ಹ. ವಚನಸಾಹಿತ್ಯದ ಉದ್ಧಾರಕ ಫ.ಗು. ಹಳಕಟ್ಟಿಯವರು ಹುಟ್ಟಿದ್ದೂ ಧಾರವಾಡದಲ್ಲೇ, ಚನ್ನಪ್ಪನವರಿಗಿಂತ ಒಂದು ವರ್ಷ ಮೊದಲು, 1880ರಲ್ಲಿ. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು 1923ರಲ್ಲಿ, ಮರುವರ್ಷವೇ ‘ಸರ್ವಜ್ಞನ ವಚನಗಳು’. ಒಬ್ಬರು ಲಿಂಗಾಯತ ವಕೀಲರು, ಇನ್ನೊಬ್ಬರು ಕ್ರೈಸ್ತ ಪಾದ್ರಿಗಳು. ಕೂಡಿಟ್ಟ ಬುತ್ತಿ ಮಾತ್ರ ಒಂದೇ ನಾಡಿನದು.

ಆದೇಶವಲ್ಲ, ವಿನಂತಿ

ಸರ್ವಜ್ಞನನ್ನು ಓದಿದ ಪಾದ್ರಿ ತಮ್ಮ ನಂಬಿಕೆಯನ್ನು ಏನು ಮಾಡಿಕೊಂಡರು? ಕೊನೆಯವರೆಗೂ ಅವರು ಕ್ರೈಸ್ತರಾಗಿಯೇ ಉಳಿದರು. ಆದರೆ ಬೋಧಿಸುವ ದನಿ ಬದಲಾಗಿತ್ತು. ಅವರ ಒಂದು ಪುಸ್ತಕದ ಹೆಸರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’. ಯೇಸು ಹುಟ್ಟಿದ ಊರು ಹಿಂದೂಗಳ ಪುಣ್ಯಕ್ಷೇತ್ರಕ್ಕೆ ಹೇಳಬೇಕಾದದ್ದು ಆಜ್ಞೆಯೂ ಅಲ್ಲ, ಖಂಡನೆಯೂ ಅಲ್ಲ. ಸರಿಸಮಾನರ ನಡುವಿನ ವಿನಂತಿ ಎಂಬ ಭಾವ ಆ ಹೆಸರಿನಲ್ಲೇ ಇದೆ. ಇದೇ ಸುಮಾರಿಗೆ ಮಹಾರಾಷ್ಟ್ರದಲ್ಲಿ ನಾರಾಯಣ ವಾಮನ ಟಿಳಕರು (1861–1919) ಕ್ರಿಸ್ತಭಕ್ತಿಯನ್ನು ವಾರಕರಿಗಳ ಅಭಂಗದ ಧಾಟಿಯಲ್ಲಿ ಹಾಡಿದ್ದರು. ಟಿಳಕರು ಹೊಸ ಭಕ್ತಿಗೆ ಹಳೆಯ ಛಂದಸ್ಸನ್ನು ತಂದರು. ಚನ್ನಪ್ಪನವರು ಅದಕ್ಕಿಂತ ಮುಂದೆ ಹೋಗಿ ಹಳೆಯ ಭಕ್ತರ ಮಾತನ್ನೇ ಗೌರವದಿಂದ ಎತ್ತಿ ಕೊಟ್ಟರು.

ಸರ್ವಜ್ಞನ ಬಳಿಕ ಅವರು ಶರಣರತ್ತ ತಿರುಗಿದರು. ಮೋಳಿಗೆಯ ಮಾರಯ್ಯ ಮತ್ತು ರಾಣಿ ಮಹಾದೇವಿಯರ ವಚನಗಳು, ಸಿದ್ಧರಾಮನ ಸಾಹಿತ್ಯ, ಆದಯ್ಯನ ವಚನಗಳು ಅವರ ಪರಿಶ್ರಮದಿಂದ ಬೆಳಕು ಕಂಡವು. ಬಸವಣ್ಣನ ಕಾಲದ ಅನುಭವ ಮಂಟಪ ನಿಜವಾಗಿಯೂ ಇತ್ತೇ ಎಂಬ ವಾದ ಎದ್ದಾಗ ‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಗ್ರಂಥವನ್ನು ಬರೆದು, ಅದರ ಇರವನ್ನು ಸಮರ್ಥಿಸಿದರು. ಹಿರಿಯರು ಬಿಟ್ಟುಬಂದ ಧರ್ಮದ ಪರವಾಗಿ ಮೊಮ್ಮಗ ಆಧಾರಗಳನ್ನು ಹುಡುಕಿಕೊಟ್ಟ ಪ್ರಸಂಗ ಇದು. ಎರಡು ಕಡೆಯವರಿಗೂ ಪ್ರಶ್ನೆಗಳು ಏಳಬಹುದಾದ ನಿಲುವು. ಪಾದ್ರಿಗೆ ಶರಣರ ಗೊಡವೆ ಯಾಕೆ ಎಂದು ಸಭೆಯವರು ಕೇಳಬಹುದು, ಇದರ ಹಿಂದೆ ಏನು ಉದ್ದೇಶವಿದೆ ಎಂದು ಹೊರಗಿನವರು ಕೇಳಬಹುದು. ಇಂಥ ಸಂಶಯಗಳಿಗೆ ಅವರ ಗ್ರಂಥಗಳೇ ಉತ್ತರ. ಅಲ್ಲಿ ಕಾಣುವುದು ಪಾಠಾಂತರ, ಆಧಾರ, ತರ್ಕಗಳ ಶಿಸ್ತು.

ಹಡಗಲಿಯ ನೆಲೆ

ಧಾರವಾಡ ಸೀಮೆಯಲ್ಲಿ ಸೇವೆ ಸಲ್ಲಿಸಿದ ಚನ್ನಪ್ಪನವರು ನೆಲೆ ನಿಂತದ್ದು ಹಡಗಲಿಯಲ್ಲಿ. ಆಗ ತುಂಗಭದ್ರೆಯ ಆಚೆ ದಂಡೆ ಮುಂಬಯಿ ಪ್ರಾಂತ, ಈಚೆ ದಂಡೆಯ ಹಡಗಲಿ ಮದರಾಸು ಪ್ರಾಂತ. ಬಳ್ಳಾರಿ ಜಿಲ್ಲೆಯ ಕನ್ನಡ ಭಾಗ ಮೈಸೂರಿಗೆ ಸೇರಿದ್ದು 1953ರಲ್ಲಿ. 2021ರಿಂದ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮೊದಲಾದ ತಾಲ್ಲೂಕುಗಳು ವಿಜಯನಗರ ಜಿಲ್ಲೆಯಲ್ಲಿವೆ. ಹೀಗೆ ಗಡಿಗಳು ಬದಲಾಗುತ್ತಿದ್ದ ಕಾಲದಲ್ಲಿ, 1949ರ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ನಾಡು ಎರಡು ಧರ್ಮಗಳ ನಡುವೆ ಸೇತುವೆಯಾದವರನ್ನು ಆ ಪೀಠದಲ್ಲಿ ಕೂರಿಸಿತು.

ಅವರಿಗೆ ಸಂದ ಬಿರುದು ‘ತಿರುಳ್ಗನ್ನಡದ ತಿರುಕ’. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡನ್ನು ಕವಿರಾಜಮಾರ್ಗ ಕನ್ನಡದ ತಿರುಳು ಎಂದು ಕರೆದಿತ್ತು. ಆ ನಾಡಿನಲ್ಲಿ ಅಲೆದು ಪದ್ಯಗಳನ್ನು ಭಿಕ್ಷೆಯಾಗಿ ಪಡೆದವರಿಗೆ ತಿರುಕ ಎಂಬ ಹೆಸರು ಹೊಂದುತ್ತದೆ. ಮುಂದೆ ಸಾಗರದ ನಾ. ಡಿಸೋಜ (1937–2025) ಅವರಂಥ ಕ್ರೈಸ್ತ ಕಾದಂಬರಿಕಾರರು ಶರಾವತಿಯ ಮುಳುಗಡೆಯ ಜನರ ಕಥೆಯನ್ನು ಎಲ್ಲ ಕನ್ನಡಿಗರ ಕಥೆಯಾಗಿ ಬರೆದರು, 2014ರ ಮಡಿಕೇರಿ ಸಮ್ಮೇಳನದ ಅಧ್ಯಕ್ಷರೂ ಆದರು. ಕ್ರೈಸ್ತ ಲೇಖಕನೊಬ್ಬ ನಾಡಿನ ಒಳಗಿನವನಾಗಿಯೇ ಬರೆಯಬಲ್ಲ ಎಂಬ ವಾತಾವರಣಕ್ಕೆ ಚನ್ನಪ್ಪನವರ ಕೆಲಸವೂ ನೆಲ ಹದಗೊಳಿಸಿತ್ತು.

1962ರಲ್ಲಿ ಚನ್ನಪ್ಪನವರು ತೀರಿಕೊಂಡರು. ಬನ್ಯನ್ನನ ಯಾತ್ರಿಕ ಊರು ಬಿಟ್ಟು ಮೋಕ್ಷ ಕಂಡ. ಉತ್ತಂಗಿಯ ಈ ಪಾದ್ರಿ ಅಜ್ಜ ಬಿಟ್ಟುಬಂದ ಸೀಮೆಗೇ ಮರಳಿ ಬಂದರು, ಕೊರಳಲ್ಲಿದ್ದ ಶಿಲುಬೆಯನ್ನು ತೆಗೆದಿಡದೆಯೇ.