ಏರುದಾರಿಯೂ ಸೈಕಲ್ಲಿನ ಹಲ್ಲುಚಕ್ರವೂ

ಸೈಕಲ್ಲನ್ನು ತುಳಿದು ಬೆಟ್ಟವನ್ನು ಹತ್ತಲಾರದವನು ಇಳಿದು ನಡೆಯಲಿ ಎಂಬುದು ಒಂದು ಪಕ್ಷ. ಸವಾರನ ಬಲಕ್ಕೆ ತಕ್ಕಂತೆ ಯಂತ್ರವನ್ನೇ ತಿದ್ದಿಕೊಳ್ಳಲಿ ಎಂಬುದು ಮತ್ತೊಂದು ಪಕ್ಷ. ಈ ಎರಡು ಪಕ್ಷಗಳಿಗೂ ಫ್ರಾನ್ಸ್ ದೇಶದಲ್ಲಿ ಸುಮಾರು ಮೂವತ್ತೈದು ವರ್ಷಗಳ ಕಾಲ ವಾದ ನಡೆಯಿತು. ಹುಡುಗರ ಸೈಕಲ್ಲಿಗೂ ಏಳೆಂಟು ಗೇರುಗಳು ಬಂದಿರುವ ಈಗಿನ ಕಾಲದಲ್ಲಿ ಆ ವಾದವು ನಗೆಗೀಡಾಗಿ ತೋರಬಹುದು. ಆದರೆ ಅದು ಬರಿಯ ಹಲ್ಲುಚಕ್ರಗಳ ವಾದವಾಗಿರಲಿಲ್ಲ. ಸೌಕರ್ಯವು ಪೌರುಷಕ್ಕೆ ಕುಂದೋ ಅಲ್ಲವೋ ಎಂಬುದೇ ಅದರ ತಿರುಳಾಗಿತ್ತು.

ಗೇರೆಂಬುದರ ಅರ್ಥವನ್ನು ಮೊದಲು ತಿಳಿಯತಕ್ಕದ್ದು. ಹತ್ತೊಂಬತ್ತನೆಯ ಶತಮಾನದ ಎತ್ತರದ ಸೈಕಲ್ಲುಗಳಲ್ಲಿ ಸರಪಣಿಯೇ ಇರಲಿಲ್ಲ. ಪೆಡಲುಗಳು ಮುಂದಿನ ಚಕ್ರದ ನಡುವಿಗೇ ಸೇರಿಕೊಂಡಿದ್ದವು. ಪೆಡಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ವೇಗ ಬೇಕೆಂದರೆ ಚಕ್ರವು ಹೆಚ್ಚು ದೊಡ್ಡದಾಗಬೇಕು. ಎಷ್ಟು ದೊಡ್ಡದಾಗಬಹುದೆಂಬುದನ್ನು ಸವಾರನ ಕಾಲಿನ ಉದ್ದವೇ ಗೊತ್ತುಮಾಡುತ್ತಿತ್ತು. ೧೮೮೫ರಲ್ಲಿ ಇಂಗ್ಲೆಂಡಿನ ಕವೆಂಟ್ರಿ ಪಟ್ಟಣದ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ಹಿಂದಿನ ಚಕ್ರವನ್ನು ಸರಪಣಿಯಿಂದ ತಿರುಗಿಸುವ ‘ರೋವರ್’ ಸೈಕಲ್ಲನ್ನು ಹೊರತಂದ ಮೇಲೆ ಈ ಕಟ್ಟು ಹರಿಯಿತು. ಮುಂದಿನ ಹಲ್ಲುಚಕ್ರದ ಹಲ್ಲುಗಳನ್ನು ಹಿಂದಿನದರ ಹಲ್ಲುಗಳಿಂದ ಭಾಗಿಸಿ, ಹಿಂಗಾಲಿಯ ಅಡ್ಡಳತೆಯಿಂದ ಗುಣಿಸಿದರೆ, ಅದೇ ಕೆಲಸವನ್ನು ಮಾಡಬಲ್ಲ ಹಳೆಯ ಎತ್ತರದ ಚಕ್ರದ ಅಳತೆ ಬರುತ್ತದೆ. ಇಂಗ್ಲಿಷರು ಗೇರನ್ನು ಇಂದಿಗೂ ಅಂಗುಲಗಳಲ್ಲಿ ಲೆಕ್ಕಹಾಕುವುದು ಇದರಿಂದಲೇ. ಆ ಚಕ್ರಗಳು ವಸ್ತುಸಂಗ್ರಹಾಲಯಗಳನ್ನು ಸೇರಿ ಎಷ್ಟೋ ಕಾಲವಾದರೂ ಲೆಕ್ಕದಲ್ಲಿ ಮಾತ್ರ ಉರುಳುತ್ತಲೇ ಇರುವುವು!

ನಮ್ಮ ಊರುಗಳ ಬೀದಿಗಳಲ್ಲಿ ಬಹುಕಾಲದಿಂದ ಓಡಾಡುವ ಗಟ್ಟಿಮುಟ್ಟಾದ ಕರಿಯ ಸೈಕಲ್ಲಿಗೆ ಮುಂದೆ ೪೪ ಹಲ್ಲು, ಹಿಂದೆ ೧೮ ಹಲ್ಲು, ಗಾಲಿಯ ಅಡ್ಡಳತೆ ೨೮ ಅಂಗುಲವೆಂದಿಟ್ಟುಕೊಂಡರೆ ಗೇರು ಸುಮಾರು ೬೮ ಅಂಗುಲವಾಗುತ್ತದೆ. ಸಮನಾದ ದಾರಿಗೆ ಇದು ಹಿತ. ಏರಿನಲ್ಲಾದರೋ ಕಾಲು ನಿಧಾನವಾಗುತ್ತದೆ, ಒಂದೊಂದು ತುಳಿತಕ್ಕೂ ಮೈಯ ಭಾರವನ್ನೆಲ್ಲ ಹಾಕಬೇಕಾಗುತ್ತದೆ, ಕೊನೆಗೆ ಪೆಡಲು ನಿಂತೇಹೋಗುತ್ತದೆ. ಗೇರನ್ನು ಇಳಿಸಿದರೆ ಬೆಟ್ಟವೇನೂ ತಗ್ಗುವುದಿಲ್ಲ. ಸಾಲವು ಅಷ್ಟೇ ಇರುತ್ತದೆ, ಕಂತು ಮಾತ್ರ ಚಿಕ್ಕದಾಗುತ್ತದೆ. ಸಣ್ಣ ಕಂತುಗಳನ್ನು ಬೇಗ ಬೇಗನೆ ಕೊಡುತ್ತ ಹೋಗುವುದು ಮನುಷ್ಯನ ಕಾಲಿಗೆ ಸುಲಭ.

ಇದನ್ನು ಒಂದು ಮತದಂತೆ ಸಾರಿದವನು ಪಾಲ್ ದ ವಿವಿ. ಈತನು ೧೮೫೩ರಲ್ಲಿ ದಕ್ಷಿಣ ಫ್ರಾನ್ಸಿನ ಪೆರ್ನ್ ಎಂಬ ಊರಿನಲ್ಲಿ ಹುಟ್ಟಿ, ಸೇಂತ್ ಎತಿಯೆನ್ ಪಟ್ಟಣದಲ್ಲಿ ರೇಷ್ಮೆಯ ವ್ಯಾಪಾರವನ್ನು ಮಾಡಿಕೊಂಡಿದ್ದನು. ಆ ಪಟ್ಟಣವು ಕಲ್ಲಿದ್ದಲಿಗೂ ಬಂದೂಕಿಗೂ ರೇಷ್ಮೆಯ ಪಟ್ಟಿಗಳಿಗೂ ಹೆಸರಾಗಿತ್ತು, ಸುತ್ತಲೂ ಬೆಟ್ಟಗಳು. ಸೈಕಲ್ಲಿನ ಹುಚ್ಚು ಹತ್ತಿದ ಮೇಲೆ ರೇಷ್ಮೆಯು ಹಿಂದಾಯಿತು. ೧೮೮೭ರಲ್ಲಿ ಸೈಕಲ್ ಸವಾರರಿಗಾಗಿಯೇ ಪತ್ರಿಕೆಯೊಂದನ್ನು ಪ್ರಾರಂಭಿಸಿ, ಅದರಲ್ಲಿ ‘ವೆಲೋಸಿಯೋ’ ಎಂಬ ಅಂಕಿತದಿಂದ ಬರೆಯತೊಡಗಿದನು. ಜನರು ಅವನ ನಿಜವಾದ ಹೆಸರನ್ನು ಮರೆಯುವಷ್ಟು ಆ ಅಂಕಿತವು ಪ್ರಸಿದ್ಧವಾಯಿತು. ಅವನು ಸಸ್ಯಾಹಾರಿ, ಎಸ್ಪೆರಾಂಟೋ ಭಾಷೆಯ ಅಭಿಮಾನಿ, ಮೈಮುರಿದು ಸವಾರಿಮಾಡುವವನಾದರೂ ಪಂದ್ಯಗಳ ವ್ಯಾಮೋಹವಿಲ್ಲದವನು. ಶಿಷ್ಯರಿಗೆ ಅವನು ವಿಧಿಸಿದ ನಿಯಮಗಳಲ್ಲಿ ಹಸಿಯುವುದಕ್ಕೆ ಮೊದಲೇ ತಿನ್ನಬೇಕು, ಬಾಯಾರುವುದಕ್ಕೆ ಮೊದಲೇ ಕುಡಿಯಬೇಕು ಎಂಬುವುಗಳೊಡನೆ, ಒಣಹೆಮ್ಮೆಗಾಗಿ ಎಂದೂ ಪೆಡಲು ತುಳಿಯಬಾರದೆಂಬುದೂ ಒಂದು. ಗೇರಿನ ವಿಚಾರದಲ್ಲಿ ಅವನ ಹಟಕ್ಕೆಲ್ಲ ಈ ಕೊನೆಯ ನಿಯಮವೇ ಮೂಲವೆಂದು ನನಗೆ ತೋರುತ್ತದೆ.

ಊರಿನ ಬಳಿಯ ರೆಪ್ಯುಬ್ಲಿಕ್ ಕಣಿವೆಮಾರ್ಗವು ೧,೧೬೧ ಮೀಟರು ಎತ್ತರದಲ್ಲಿದೆ. ವೆಲೋಸಿಯೋವಿಗೆ ಅದೇ ಪ್ರಯೋಗಶಾಲೆಯಾಯಿತು. ಮುಂದೆ ಎರಡು ಹಲ್ಲುಚಕ್ರಗಳನ್ನಿಟ್ಟು, ಏರು ಬಂದಾಗ ಇಳಿದು ಸರಪಣಿಯನ್ನು ಕೈಯಿಂದಲೇ ಎತ್ತಿ ಚಿಕ್ಕದರ ಮೇಲೆ ಹಾಕುವುದು ಒಂದು ಕ್ರಮ. ಎಡಕ್ಕೊಂದು ಬಲಕ್ಕೊಂದು ಸರಪಣಿಗಳನ್ನು ಜೋಡಿಸಿ ಗೇರುಗಳನ್ನು ಹೆಚ್ಚಿಸುವುದು ಇನ್ನೊಂದು. ಅದೇ ಪಟ್ಟಣದಲ್ಲಿ ತಯಾರಾದ ‘ಇರೋಂದೆಲ್’ ಸೈಕಲ್ಲುಗಳ ಒಂದು ಬಗೆಯಂತೂ ವಿನೋದಕರವಾದುದು. ಪೆಡಲನ್ನು ಮುಂದಕ್ಕೆ ತುಳಿದರೆ ದೊಡ್ಡ ಗೇರು. ಹಿಂದಕ್ಕೆ ತುಳಿದರೆ ಚಿಕ್ಕ ಗೇರು. ಸೈಕಲ್ಲು ಮಾತ್ರ ಎರಡು ವಿಧದಲ್ಲಿಯೂ ಮುಂದಕ್ಕೇ ಹೋಗುತ್ತಿತ್ತು. ಕಾಲುಗಳನ್ನು ಹಿಂದುಹಿಂದಾಗಿ ಆಡಿಸುತ್ತ ಬೆಟ್ಟವನ್ನೇರುವ ಸವಾರನನ್ನು ಕಂಡ ಹಳ್ಳಿಗರು ಏನೆಂದುಕೊಂಡಿರಬಹುದೋ! ಇದೇ ಕಾಲದಲ್ಲಿ, ೧೯೦೨ರಲ್ಲಿ, ಇಂಗ್ಲೆಂಡಿನಲ್ಲಿ ಸ್ಟರ್ಮಿ–ಆರ್ಚರರ ಹೆಸರಿನ ಮೂರು ಗೇರುಗಳ ಗುಂಬವು ಹುಟ್ಟಿತು. ಅದರಲ್ಲಿ ಸೂರ್ಯನ ಸುತ್ತಲೂ ಗ್ರಹಗಳು ತಿರುಗುವಂತೆ ಸಣ್ಣ ಹಲ್ಲುಚಕ್ರಗಳು ಗುಂಬದೊಳಗೇ ತಿರುಗುತ್ತವೆ.

ಅದೇ ೧೯೦೨ರಲ್ಲಿ ಫ್ರಾನ್ಸಿನ ಟೂರಿಂಗ್ ಕ್ಲಬ್ಬು ಪಿರೆನೀಸ್ ಪರ್ವತಗಳಲ್ಲಿ ಸೈಕಲ್ಲುಗಳ ಪರೀಕ್ಷೆಯೊಂದನ್ನು ಏರ್ಪಡಿಸಿತು. ಅದರಲ್ಲಿ ಭಾಗವಹಿಸಿದ ಮಾರ್ತ್ ಎಸ್ ಎಂಬ ಮಹಿಳೆಯು ಮೂರು ಗೇರುಗಳ ‘ಗೋಲ್ವಾಸ್’ ಸೈಕಲ್ಲಿನ ಮೇಲೆ ಕುಳಿತು, ಕಾಲನ್ನು ನೆಲಕ್ಕೆ ಸೋಕಿಸದೆ ಏರುಗಳನ್ನು ದಾಟಿದಳೆಂದು ವರದಿಯಾಯಿತು. ಗೇರಿನ ಪಕ್ಷದವರಿಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿರಲಿಲ್ಲ. ಎದುರುಪಕ್ಷದ ನಾಯಕನಾದ ಆಂರಿ ದೆಗ್ರಾಂಜನಿಗೆ ಮಾತ್ರ ಅದು ರುಚಿಸಲಿಲ್ಲ. ಇವನೇನು ಕುಳಿತು ಬರೆಯುವ ಪಂಡಿತನಲ್ಲ. ೧೮೯೩ರಲ್ಲಿ ಒಂದು ಗಂಟೆಯಲ್ಲಿ ೩೫ ಕಿಲೋಮೀಟರುಗಳಿಗೂ ಮಿಗಿಲಾಗಿ ಸೈಕಲ್ ಓಡಿಸಿ ದಾಖಲೆಯನ್ನು ಸ್ಥಾಪಿಸಿದವನು. ನಲವತ್ತೈದು ದಾಟಿದವರಿಗೆ ಗೇರುಗಳು ಇರಲಿ, ಗೆಲ್ಲುವುದಾದರೆ ಮಾಂಸಖಂಡದಿಂದ ಗೆಲ್ಲಬೇಕೇ ಹೊರತು ಯಂತ್ರದ ಕೌಶಲದಿಂದಲ್ಲ ಎಂಬ ಅಭಿಪ್ರಾಯವನ್ನು ತನ್ನ ಪತ್ರಿಕೆಯಲ್ಲಿ ಬರೆದನು. ಮರುವರ್ಷ, ೧೯೦೩ರಲ್ಲಿ, ಅವನ ಪತ್ರಿಕೆಯೇ ‘ಟೂರ್ ದ ಫ್ರಾನ್ಸ್’ ಪಂದ್ಯವನ್ನು ಪ್ರಾರಂಭಿಸಿತು. ಇನ್ನು ಅವನ ಅಭಿಪ್ರಾಯವು ಬರಿಯ ಅಭಿಪ್ರಾಯವಾಗಿ ಉಳಿಯದೆ ಕಾಯಿದೆಯಾಯಿತು.

ದೆಗ್ರಾಂಜನ ಮಾತಿನಲ್ಲಿ ಸತ್ಯಾಂಶವೇ ಇಲ್ಲವೆನ್ನುವಂತಿಲ್ಲ. ಪಂದ್ಯವೆಂಬುದು ಮನುಷ್ಯರ ಪರೀಕ್ಷೆ; ಒಬ್ಬನ ಯಂತ್ರವು ಹೆಚ್ಚಾಗಿ ಇನ್ನೊಬ್ಬನದು ಕಡಿಮೆಯಾದರೆ ಪರೀಕ್ಷೆ ಕೆಡುತ್ತದೆ. ಆದರೆ ಎಲ್ಲರಿಗೂ ಗೇರನ್ನು ಕೊಟ್ಟರೂ ಈ ತೊಂದರೆಯು ನೀಗುತ್ತಿತ್ತಲ್ಲವೆ? ಅವನಿಗೆ ಬೇಕಾಗಿದ್ದುದು ಸಮತೆಯಲ್ಲ, ಸಂಕಟ. ೧೯೧೦ರಲ್ಲಿ ಪಂದ್ಯವು ಮೊದಲ ಬಾರಿಗೆ ಪಿರೆನೀಸಿನ ಎತ್ತರದ ದಾರಿಗಳಿಗೆ ನುಗ್ಗಿತು. ೨,೧೧೫ ಮೀಟರು ಎತ್ತರದ ತೂರ್ಮಾಲೆಯೂ ಅವುಗಳಲ್ಲಿ ಒಂದು. ಆ ವರ್ಷ ಗೆದ್ದ ಒಕ್ತಾವ್ ಲಾಪಿಜನು, ಬಳಲಿ ಸೈಕಲ್ಲನ್ನು ತಳ್ಳಿಕೊಂಡು ಬರುತ್ತ, ಪಂದ್ಯದ ಅಧಿಕಾರಿಗಳನ್ನು ಕೊಲೆಗಡುಕರೆಂದು ಬೈದನು.

ಅಂಥವರಿಗೆ ಇದ್ದ ಉಪಾಯ ಒಂದೇ. ಹಿಂದಿನ ಗಾಲಿಯ ಎರಡು ಮಗ್ಗುಲಿಗೂ ಬೇರೆಬೇರೆ ಹಲ್ಲುಚಕ್ರಗಳಿರುತ್ತಿದ್ದವು. ಬೆಟ್ಟದ ಬುಡದಲ್ಲಿ ಇಳಿದು, ರೆಕ್ಕೆಯ ನಟ್ಟುಗಳನ್ನು ಸಡಲಿಸಿ, ಗಾಲಿಯನ್ನು ತಿರುವಿಹಾಕಿ, ಮತ್ತೆ ಬಿಗಿದು ಹೊರಡಬೇಕು; ನೆತ್ತಿಯಲ್ಲಿ ಪುನಃ ಅದೇ ಕೆಲಸ. ೧೯೨೭ರ ನವೆಂಬರಿನಲ್ಲಿ ಇಟಲಿಯ ಕ್ರೋಚೆ ದೌನೆ ಎಂಬ ಕಣಿವೆಯ ಚಳಿಯಲ್ಲಿ ಬೆರಳು ಮರಗಟ್ಟಿ ಆ ನಟ್ಟುಗಳನ್ನು ಬಿಚ್ಚಲಾರದೆ ತುಲ್ಲಿಯೊ ಕಾಂಪಾಗ್ನೋಲೊ ಪಂದ್ಯವನ್ನು ಸೋತನೆಂಬ ಕಥೆ ಪ್ರಸಿದ್ಧವಾಗಿದೆ. ಒಂದೇ ಸನ್ನೆಯಿಂದ ಗಾಲಿಯನ್ನು ಬಿಡಿಸುವ ಸಾಧನವನ್ನು ಮುಂದೆ ಕಲ್ಪಿಸಿದವನು ಅವನೇ.

ವೆಲೋಸಿಯೋ ೧೯೩೦ರಲ್ಲಿ ತನ್ನ ಊರಿನಲ್ಲಿಯೇ ಟ್ರಾಮಿಗೆ ಸಿಕ್ಕಿ ತೀರಿಕೊಂಡನು. ತನ್ನ ಪಕ್ಷದ ಜಯವನ್ನು ಅವನು ಕಾಣಲಿಲ್ಲ. ದೆಗ್ರಾಂಜನು ಕಾಯಿಲೆಯಿಂದ ೧೯೩೬ರಲ್ಲಿ ಹಿಂದೆ ಸರಿದನು. ೧೯೩೭ರಲ್ಲಿಯೇ ಆ ಪಂದ್ಯದ ಸ್ಪರ್ಧಾಳುಗಳಿಗೆಲ್ಲ ಸರಪಣಿಯನ್ನು ಚಕ್ರದಿಂದ ಚಕ್ರಕ್ಕೆ ದಾಟಿಸುವ ಸಾಧನಕ್ಕೆ ಅನುಮತಿ ದೊರೆಯಿತು. ಅದರ ಸಹಾಯದಿಂದ ಆ ವರ್ಷ ಗೆದ್ದವನು ರೊಜೆ ಲಾಪೆಬಿ.

ಕಲ್ಲುಮಣ್ಣಿನ ಬೆಟ್ಟದಾರಿಯ ಸೈಕಲ್ಲಿನ ಕಥೆ ಈಚಿನದು. ಕ್ಯಾಲಿಫೋರ್ನಿಯದ ಮರಿನ್ ಪ್ರಾಂತದಲ್ಲಿ ೧೯೭೦ರಿಂದೀಚೆಗೆ ಕೆಲವು ತರುಣರು ಹಳೆಯ ದಪ್ಪ ಟೈರಿನ ಸೈಕಲ್ಲುಗಳಲ್ಲಿ ಬೆಟ್ಟವನ್ನು ಇಳಿಯುವ ಆಟವನ್ನು ಹೂಡಿದರು. ಮೇಲಕ್ಕೆ ಲಾರಿಯಲ್ಲಿ ಹೋಗುವುದು ಇಲ್ಲವೆ ತಳ್ಳಿಕೊಂಡು ಹೋಗುವುದು; ಕೆಳಕ್ಕೆ ಗಾಳಿಯಂತೆ ಬರುವುದು. ಬ್ರೇಕು ಕಾದು, ಗುಂಬದೊಳಗಿನ ಗ್ರೀಸು ಹೊಗೆಯಾಗಿ ಹೋಗಿ, ಪ್ರತಿಸಲವೂ ಹೊಸದಾಗಿ ತುಂಬಬೇಕಾಗುತ್ತಿದ್ದುದರಿಂದ ಆ ದಾರಿಗೆ ‘ರಿಪ್ಯಾಕ್’ ಎಂದೇ ಹೆಸರಾಯಿತು. ಅಲ್ಲಿಯ ಮೊದಲನೆಯ ಪಂದ್ಯ ನಡೆದುದು ೧೯೭೬ರ ಅಕ್ಟೋಬರ್ ೨೧ರಂದು. ಗ್ಯಾರಿ ಫಿಶರ್ ಮೊದಲಾದವರು ಆ ಭಾರವಾದ ಸೈಕಲ್ಲುಗಳಿಗೆ ಗೇರುಗಳನ್ನು ಜೋಡಿಸಿದ ಮೇಲೆ ಲಾರಿಯ ಅಗತ್ಯ ತಪ್ಪಿತು. ಇಳಿಯುವ ಆಟಿಕೆಯು ಹತ್ತುವ ವಾಹನವಾಯಿತು.

ಆಮೇಲೆ ಬಹುಕಾಲ ಇಂಥ ಸೈಕಲ್ಲುಗಳಿಗೆ ಮುಂದೆ ಮೂರು ಹಲ್ಲುಚಕ್ರಗಳಿದ್ದುವು. ೨೦೧೨ರ ತರುವಾಯ ಮುಂದೆ ಒಂದನ್ನೇ ಇಟ್ಟು, ಹಿಂದೆ ಹನ್ನೊಂದು ಹನ್ನೆರಡನ್ನು ಜೋಡಿಸುವ ಪದ್ಧತಿಯು ಹಬ್ಬಿತು. ಮುಂದೆ ೩೦, ಹಿಂದೆ ೫೧ ಹಲ್ಲು, ಗಾಲಿ ೨೯ ಅಂಗುಲವಾದರೆ ಕೊನೆಯ ಗೇರು ಸುಮಾರು ೧೭ ಅಂಗುಲ. ನಮ್ಮ ಕರಿಯ ಸೈಕಲ್ಲಿನದರ ಕಾಲುಭಾಗ. ಇನ್ನೂ ಹಗುರವಾಗಬೇಕೆನ್ನುವವರು ಮುಂದಿನದನ್ನು ಮಾತ್ರ ಬದಲಾಯಿಸುತ್ತಾರೆ. ೩೨ ಹಲ್ಲಿನದನ್ನು ತೆಗೆದು ೨೮ರದನ್ನು ಹಾಕಿದರೆ ಏರಿನಲ್ಲಿ ತುಳಿತವು ಎಂಟರಲ್ಲೊಂದು ಪಾಲು ಹಗುರವಾಗುತ್ತದೆ. ಕಾಲು ಅದೇ ಲಯದಲ್ಲಿ ತಿರುಗಿದರೆ ಸಮನೆಲದಲ್ಲಿ ವೇಗವೂ ಅಷ್ಟೇ ಪಾಲು ಕಡಿಮೆಯಾಗುತ್ತದೆ.