ಹಿತ್ತಲಿನ ಮೋಟಾರು ಆನ್ ಮಾಡಿದ್ದು ಯಾರು?

2013ರ ಬೇಸಿಗೆಯ ಮಾತು. ಹಾಸನದ ಮನೆಯಲ್ಲಿ ಅಮ್ಮ ಒಬ್ಬರೇ, ಅವರಿಗೆ ಮಂಡಿನೋವು. ಸಂಪಿನ ಮೋಟಾರಿನ ಸ್ವಿಚ್ಚು ಹಿತ್ತಲಿನ ತುದಿಯಲ್ಲಿ. ನಾನಿದ್ದದ್ದು ಬೆಂಗಳೂರಿನಲ್ಲಿ, ಅದೂ ಆರ್ಡುಯಿನೊ ಹುಚ್ಚು ನೆತ್ತಿಗೇರಿದ್ದ ದಿನಗಳು. ಒಂದು ಊನೊ ಬೋರ್ಡು, ಅದರ ತಲೆಮೇಲೆ ಈಥರ್ನೆಟ್ ಶೀಲ್ಡು, ಪಕ್ಕದಲ್ಲಿ ರಿಲೇ. ಬ್ರಾಡ್‌ಬ್ಯಾಂಡ್ ರೂಟರಿನಲ್ಲಿ ಒಂದು ಪೋರ್ಟು ತೆರೆದಿಟ್ಟೆ. ಆಫೀಸಿನಲ್ಲಿ ಕೂತು ವಿಳಾಸದ ಕೊನೆಗೆ 'ಆನ್' ಅಂತ ಇಂಗ್ಲಿಷಿನಲ್ಲಿ ಟೈಪಿಸಿದರೆ ಹಾಸನದಲ್ಲಿ ನೀರು ಏರುತ್ತಿತ್ತು!

ಮೂರು ವಾರ ಚೆನ್ನಾಗಿಯೇ ನಡೆಯಿತು. ಒಂದು ರಾತ್ರಿ ಎರಡು ಗಂಟೆಗೆ ಅಮ್ಮನ ಫೋನು. "ಇಷ್ಟೊತ್ತಲ್ಲಿ ಮೋಟಾರು ಯಾಕೋ ಹಾಕಿದೀಯ? ಏನೋ ಸುಟ್ಟ ವಾಸನೆ ಬರ್ತಿದೆ." ನಾನು ಹಾಕಿರಲಿಲ್ಲ. ಟ್ಯಾಂಕು ತುಂಬಿ ಹರಿದು, ಸಂಪು ಬರಿದಾಗಿ, ಮೋಟಾರು ಒಣಗಿ ಓಡಿ ಕಾಯಿಲ್ ಸುಟ್ಟಿತ್ತು. ಹಾಗಾದರೆ ಹಾಕಿದ್ದು ಯಾರು?

ದೂರದ ಯಂತ್ರವನ್ನು ನೆಟ್‌ವರ್ಕಿಗೆ ಕಟ್ಟುವ ಆಟ ಆರ್ಡುಯಿನೊಗಿಂತ ಬಹಳ ಹಳೆಯದು. 1980ರ ದಶಕದ ಆರಂಭದಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹುಡುಗರು ಕೋಕ್ ಮಾರುವ ಯಂತ್ರಕ್ಕೆ ತಂತಿ ಎಳೆದರು. ಕಾರಣ ಬರೀ ಸೋಮಾರಿತನ :-) ಅಷ್ಟು ದೂರ ನಡೆದುಹೋದರೆ ಯಂತ್ರ ಖಾಲಿ, ಇಲ್ಲವೇ ಆಗಷ್ಟೇ ತುಂಬಿದ ಬಿಸಿ ಬಾಟಲಿ. ಯಂತ್ರದ ಮೇಲಿನ ದೀಪಗಳನ್ನು ಗಮನಿಸಿ ಯಾವ ಸಾಲಿನಲ್ಲಿ ಬಾಟಲಿ ಇದೆ, ಅದು ತಣ್ಣಗಾಗಿದೆಯೇ ಅಂತ ಕಂಪ್ಯೂಟರು ಹೇಳುತ್ತಿತ್ತು. ಇದನ್ನು ಯಾರು ಬೇಕಾದರೂ ಕೇಳಬಹುದಿತ್ತು. ಆದರೆ ಬಾಟಲಿ ಬೀಳಿಸೋಕೆ ಮಾತ್ರ ನಡೆದೇ ಹೋಗಬೇಕಿತ್ತು!

ಮುಟ್ಟದೆಯೇ ಸ್ವಿಚ್ಚು ಒತ್ತುವ ಕೆಲಸಕ್ಕೆ ಹೆಸರಾದದ್ದು ಜಾನ್ ರಾಂಕಿಯ ಟೋಸ್ಟರ್. 1990ರ ಇಂಟರಾಪ್ ಪ್ರದರ್ಶನದಲ್ಲಿ ಅವರು ಸನ್‌ಬೀಮ್ ಟೋಸ್ಟರನ್ನು ಇಂಟರ್ನೆಟ್ಟಿಗೆ ಕಟ್ಟಿದರು. ಅದಕ್ಕಿದ್ದದ್ದು ಒಂದೇ ಹಿಡಿತ, ಕರೆಂಟು ಕೊಡೋದು ಮತ್ತು ನಿಲ್ಲಿಸೋದು. ಎಷ್ಟು ಹೊತ್ತು ಬಿಟ್ಟರೆ ಬ್ರೆಡ್ಡು ಅಷ್ಟು ಕಪ್ಪು. ಬ್ರೆಡ್ಡನ್ನು ಒಳಗಿಡೋಕೆ ಮನುಷ್ಯರೇ ಬೇಕಿತ್ತು. ಮರುವರ್ಷ ಆ ಕೆಲಸಕ್ಕೂ ಒಂದು ಪುಟ್ಟ ಕ್ರೇನ್ ಬಂತು.

ನನಗೆ ಇವೆರಡಕ್ಕಿಂತ ಇಷ್ಟವಾದದ್ದು ಟೆಲಿಗಾರ್ಡನ್. 1995ರಲ್ಲಿ ಕೆನ್ ಗೋಲ್ಡ್‌ಬರ್ಗ್ ಮತ್ತು ಗೆಳೆಯರು ಕ್ಯಾಲಿಫೋರ್ನಿಯಾದಲ್ಲಿ ಒಂದು ಪುಟ್ಟ ತೋಟ ಮಾಡಿ ನಡುವೆ ರೋಬಾಟ್ ಕೈ ನೆಟ್ಟರು. ಜಗತ್ತಿನ ಯಾವ ಮೂಲೆಯಿಂದಲಾದರೂ ಹೆಸರು ನೋಂದಾಯಿಸಿ ಬೀಜ ಬಿತ್ತಬಹುದು, ನೀರು ಹಾಕಬಹುದು. ಮರುವರ್ಷ ಆ ತೋಟ ಆಸ್ಟ್ರಿಯಾದ ಲಿಂಟ್ಸ್ ಊರಿಗೆ ಹೋಗಿ 2004ರವರೆಗೆ ಬದುಕಿತು. ಗುರುತಿಲ್ಲದವರ ಕೈಗೆ ನೀರಿನ ಕೊಳವೆ ಕೊಟ್ಟ ಧೈರ್ಯ ನೋಡಿ! (ಕೇಂಬ್ರಿಜ್‌ನ ಕಾಫಿ ಪಾತ್ರೆಯ ಕಥೆ ಎಲ್ಲರೂ ಹೇಳ್ತಾರೆ, ಬಿಡಿ.)

ಇವೆಲ್ಲ ದೊಡ್ಡ ಸಂಸ್ಥೆಗಳ, ಪಳಗಿದ ಕೈಗಳ ಆಟ. ನನ್ನಂಥವರ ಕೈಗೆ ಇದು ಸಿಕ್ಕಿದ್ದು ಇಟಲಿಯ ಇವ್ರಿಯಾದಿಂದ. ಅಲ್ಲಿ ವಿದ್ಯಾರ್ಥಿಯಾಗಿದ್ದ ಹೆರ್ನಾಂಡೊ ಬಾರಾಗನ್ 2003ರಲ್ಲಿ ಶುರುಮಾಡಿದ ವೈರಿಂಗ್ ಅನ್ನೋ ಕೆಲಸದ ಮೇಲೆಯೇ 2005ರಲ್ಲಿ ಆರ್ಡುಯಿನೊ ನಿಂತಿತು. ಬಾರಾಗನ್‌ಗೆ ಸಲ್ಲಬೇಕಾದ ಹೆಸರು ಸಲ್ಲಲಿಲ್ಲ ಅನ್ನೋದು ನನ್ನ ಅನಿಸಿಕೆ. ಊನೊದಲ್ಲಿರುವುದು 2 ಕಿಲೋಬೈಟ್ ರ್ಯಾಮ್, ಅಷ್ಟೇ. ಇಂಟರ್ನೆಟ್ ಮಾತಾಡುವ ಭಾರವನ್ನು ಶೀಲ್ಡಿನ ಚಿಪ್ಪು ಹೊರುತ್ತಿತ್ತು. ಅಷ್ಟು ಚಿಕ್ಕ ಜಾಗದಲ್ಲಿ ಪಾಸ್‌ವರ್ಡ್ ಯಾಕೆ ಅಂದುಕೊಂಡು ನಾನು ಹಾಕಲೇ ಇಲ್ಲ. ಆ ವಿಳಾಸ ಯಾರಿಗೆ ಗೊತ್ತಾಗತ್ತೆ, ಅಲ್ವಾ?

ಶೀಲ್ಡಿನಲ್ಲಿ ಮೆಮೊರಿ ಕಾರ್ಡಿಗೆ ಜಾಗವಿತ್ತು. ಬಂದ ಪ್ರತಿ ಕೋರಿಕೆಯ ಮೊದಲ ಸಾಲನ್ನು ಅದರಲ್ಲಿ ಬರೆಸಿಡುತ್ತಿದ್ದೆ. ಹಾಸನಕ್ಕೆ ಹೋಗಿ ತೆಗೆದು ನೋಡಿದರೆ ಗುರುತಿಲ್ಲದ ಕೋರಿಕೆಗಳ ಸಂತೆ! ತೆರೆದ ಪೋರ್ಟುಗಳನ್ನು ಹುಡುಕುತ್ತಾ ಅಲೆಯುವ ಯಾವುದೋ ಪ್ರೋಗ್ರಾಮು 'ಕಾನ್ಫಿಗ್' ಅನ್ನೋ ಪುಟ ಕೇಳಿತ್ತು. ನಾನು ಬರೆದಿದ್ದ ಕೋಡಿಗೆ ಗೊತ್ತಿದ್ದದ್ದು ಒಂದೇ: ಆ ಸಾಲಿನಲ್ಲಿ ಎಲ್ಲಾದರೂ ಒ, ಎನ್ ಅಕ್ಷರಗಳು ಜೊತೆಯಾಗಿ ಬಂದರೆ ಮೋಟಾರು ಹಾಕು. ಸಿ-ಒ-ಎನ್-ಎಫ್-ಐ-ಜಿ. ಎರಡನೇ ಅಕ್ಷರದಿಂದ ನೋಡಿ! ಹಾಕಿದ್ದು ಮನುಷ್ಯರೇ ಅಲ್ಲ, ಹಾಕಬೇಕು ಅಂತ ಉದ್ದೇಶವೂ ಇರಲಿಲ್ಲ.

ಇಂಥದೇ ಉಡಾಫೆ ಎಷ್ಟು ಹಬ್ಬಿದೆ ಅಂತ 2016ರಲ್ಲಿ ಮಿರಾಯ್ ತೋರಿಸಿತು. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಹಾಗೇ ಬಿಟ್ಟಿದ್ದ ಕ್ಯಾಮೆರಾ, ರೂಟರುಗಳನ್ನು ಅದು ಸೇನೆಯಾಗಿ ಕಟ್ಟಿಕೊಂಡಿತು. ಅದೇ ವರ್ಷ ಅಕ್ಟೋಬರ್ 21ರಂದು ಅಂಥ ಸೇನೆ ಡಿನ್ ಕಂಪನಿಯ ಮೇಲೆ ನುಗ್ಗಿದಾಗ ಟ್ವಿಟ್ಟರ್‌ನಂಥ ತಾಣಗಳೇ ಹಲವರಿಗೆ ಗಂಟೆಗಟ್ಟಲೆ ಸಿಗಲಿಲ್ಲ.

ತಮಾಷೆ ಅಂದರೆ ಒಳ್ಳೆಯ ದಾರಿ ಆಗಲೇ ಇತ್ತು. ಎಣ್ಣೆ ಕೊಳವೆಗಳನ್ನು ಉಪಗ್ರಹದ ಮೂಲಕ ಗಮನಿಸೋಕೆ 1999ರಲ್ಲೇ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಕ್ಯೂಟಿಟಿ ರೂಪಿಸಿದ್ದರು. ಅದರಲ್ಲಿ ಬೋರ್ಡು ಬಾಗಿಲು ತೆರೆದು ಕಾಯುವುದಿಲ್ಲ, ತಾನೇ ಹೊರಗಿನ ಸರ್ವರಿಗೆ ಕರೆ ಮಾಡಿ "ನನಗೇನಾದರೂ ಹೇಳಿಕಳಿಸಿದ್ದಾರಾ" ಅಂತ ಕಿವಿಗೊಟ್ಟು ಕೂರುತ್ತದೆ. ಮನೆಯ ಕಡೆ ಪೋರ್ಟು ತೆರೆಯುವ ಗೋಜೇ ಇಲ್ಲ. 2014ರಲ್ಲಿ ಅಗ್ಗದ ಇಎಸ್‌ಪಿ8266 ವೈಫೈ ಚಿಪ್ಪು ಬಂದ ಮೇಲೆ ನಾನೂ ಅದಕ್ಕೇ ಬದಲಾದೆ.

ಆದರೆ ರಿಲೇ ಮಾತ್ರ ಮತ್ತೆ ಜೋಡಿಸಲಿಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆಸಿ ಮೋಟಾರಿನ ಸ್ವಿಚ್ಚನ್ನು ಅಡುಗೆಮನೆ ಬಾಗಿಲ ಪಕ್ಕಕ್ಕೆ ತರಿಸಿದೆ. "ಇದನ್ನ ಮೊದಲೇ ಮಾಡಬಾರದಿತ್ತೇನೋ" ಅಂದರು ಅಮ್ಮ. ಬೋರ್ಡು ಈಗ ಟ್ಯಾಂಕಿನಲ್ಲಿ ನೀರೆಷ್ಟಿದೆ ಅಂತ ಮಾತ್ರ ಹೇಳುತ್ತೆ, ಆ ಕೋಕ್ ಯಂತ್ರದ ಹಾಗೆ.