ಇನ್‌ಕಾಗ್ನಿಟೋ, ಬೀಗದ ಗುರುತು, ವಿಪಿಎನ್: ಇವು ನಮ್ಮನ್ನು ಎಷ್ಟು ಕಾಪಾಡುತ್ತವೆ?

ಎದೆಯಲ್ಲಿ ಸಿಕ್ಕ ಗಂಟು, ತಪ್ಪಿದ ಮುಟ್ಟು, ನಿದ್ದೆ ಬಾರದ ರಾತ್ರಿಗಳು, ಸಾಲದ ಆ್ಯಪ್‌ನವರ ಬೆದರಿಕೆ, ಹೊಡೆಯುವ ಗಂಡ. ಮನೆಯವರ ಹತ್ತಿರವೂ ವೈದ್ಯರ ಹತ್ತಿರವೂ ಹೇಳಲಾಗದ ಮಾತನ್ನು ಇಂದು ಬಹಳಷ್ಟು ಜನ ಮೊದಲು ಕೇಳುವುದು ಮೊಬೈಲಿನ ಹುಡುಕು ಪೆಟ್ಟಿಗೆಯಲ್ಲಿ. ಹಾಗೆ ಕೇಳುವಾಗ ಕೆಲವು ನಂಬಿಕೆಗಳು ನಮಗೆ ಧೈರ್ಯ ಕೊಡುತ್ತವೆ: ಇನ್‌ಕಾಗ್ನಿಟೋದಲ್ಲಿ ಹುಡುಕಿದರೆ ಯಾರಿಗೂ ತಿಳಿಯುವುದಿಲ್ಲ, ಬೀಗದ ಗುರುತಿದ್ದರೆ ಜಾಲತಾಣ ಅಸಲಿ, ಮೊದಲು ಬಂದ ಫಲಿತಾಂಶವೇ ಅಧಿಕೃತ, ವಿಪಿಎನ್ ಹಾಕಿಕೊಂಡರೆ ನಾವು ಅದೃಶ್ಯ. ಈ ನಾಲ್ಕೂ ನಂಬಿಕೆಗಳಲ್ಲಿ ಎಷ್ಟು ನಿಜ, ಎಷ್ಟು ತಪ್ಪು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಂಕ್ಷಿಪ್ತವಾಗಿ

• ಇನ್‌ಕಾಗ್ನಿಟೋ ನಿಮ್ಮ ಹುಡುಕಾಟವನ್ನು ನಿಮ್ಮ ಫೋನಿನಲ್ಲಿ ಮಾತ್ರ ಅಳಿಸುತ್ತದೆ. ಇಂಟರ್ನೆಟ್ ಕಂಪನಿ, ಕಚೇರಿ, ಜಾಲತಾಣಗಳ ಕಣ್ಣಿನಿಂದ ಮರೆಮಾಡುವುದಿಲ್ಲ.
• ಬೀಗದ ಗುರುತು ದಾರಿ ಭದ್ರವಾಗಿದೆ ಎನ್ನುತ್ತದೆ. ದಾರಿಯ ಕೊನೆಯಲ್ಲಿ ಕೂತವರು ಯಾರು ಎಂದು ಹೇಳುವುದಿಲ್ಲ.
• ಕಸ್ಟಮರ್ ಕೇರ್ ಸಂಖ್ಯೆಯನ್ನು ಗೂಗಲ್‌ನಲ್ಲಿ ಹುಡುಕಬೇಡಿ. ಕಾರ್ಡಿನ ಹಿಂಭಾಗ, ಪಾಸ್‌ಬುಕ್ ಅಥವಾ ಅಧಿಕೃತ ಆ್ಯಪ್‌ನಲ್ಲಿ ನೋಡಿ.
• ಹಣ ಹೋದರೆ ತಕ್ಷಣ 1930ಕ್ಕೆ ಕರೆ ಮಾಡಿ.

ಹುಡುಕಾಟದ ಪಟ್ಟಿ ಏನನ್ನೆಲ್ಲ ಹೇಳುತ್ತದೆ?

2006ರ ಆಗಸ್ಟ್‌ನಲ್ಲಿ ಅಮೆರಿಕದ ಎಒಎಲ್ ಕಂಪನಿ ಸಂಶೋಧಕರಿಗೆ ಉಪಯೋಗವಾಗಲಿ ಎಂದು ತನ್ನ ಸುಮಾರು ಆರೂವರೆ ಲಕ್ಷ ಬಳಕೆದಾರರ ಮೂರು ತಿಂಗಳ ಹುಡುಕಾಟಗಳನ್ನು ಬಹಿರಂಗ ಮಾಡಿತು. ಹೆಸರುಗಳನ್ನು ತೆಗೆದು ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟಿತ್ತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಕರ್ತರು ಒಂದು ಸಂಖ್ಯೆಯ ಹಿಂದಿದ್ದ ಹಿರಿಯ ಮಹಿಳೆಯ ಮನೆಬಾಗಿಲಿಗೇ ಹೋಗಿ ನಿಂತರು. ಆಕೆ ತನ್ನ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ತನ್ನ ಊರಿನ ಕೆಲಸದವರು, ತನ್ನದೇ ಅಡ್ಡಹೆಸರಿನ ಜನ, ಬೆರಳು ಮರಗಟ್ಟುವುದು, ನಾಯಿಯ ಕಾಟ ಎಂದು ಹುಡುಕಿದ್ದರಷ್ಟೆ. ಈ ತುಣುಕುಗಳನ್ನು ಜೋಡಿಸಿದಾಗ ಒಬ್ಬ ಮನುಷ್ಯರ ಚಿತ್ರ ಬಂತು.

ಹೆಸರಿಲ್ಲದಿದ್ದರೂ ಹುಡುಕಾಟದ ಪಟ್ಟಿ ನಮ್ಮ ಗುರುತು ಹೇಳಬಲ್ಲದು. ಆದ್ದರಿಂದ ಆ ಪಟ್ಟಿ ಯಾರ ಬಳಿ ಉಳಿಯುತ್ತದೆ ಎಂಬ ಪ್ರಶ್ನೆ ಮುಖ್ಯ.

ಒಂದು ಹುಡುಕಾಟ ಯಾರ ಯಾರ ಮುಂದೆ ಹಾದುಹೋಗುತ್ತದೆ?

ನೀವು ಒಂದು ಪದ ಟೈಪ್ ಮಾಡಿ ಒಂದು ಪುಟ ತೆರೆದರೆ ಅದರ ದಾರಿಯಲ್ಲಿ ಕನಿಷ್ಠ ಐದು ನಿಲ್ದಾಣಗಳಿವೆ.

1. ನಿಮ್ಮ ಫೋನ್: ಬ್ರೌಸರ್ ಹುಡುಕಿದ ಪದಗಳನ್ನೂ ತೆರೆದ ಪುಟಗಳನ್ನೂ ದಾಖಲಿಸಿಕೊಳ್ಳುತ್ತದೆ.
2. ನಿಮ್ಮ ಖಾತೆ: ಗೂಗಲ್ ಖಾತೆಗೆ ಲಾಗಿನ್ ಆಗಿದ್ದು ಚಟುವಟಿಕೆ ಉಳಿಸುವ ವ್ಯವಸ್ಥೆ ಚಾಲೂ ಇದ್ದರೆ, ಹುಡುಕಾಟ ಆ ಖಾತೆಯಲ್ಲೂ ಉಳಿಯುತ್ತದೆ.
3. ವೈಫೈ ಮತ್ತು ಇಂಟರ್ನೆಟ್ ಕಂಪನಿ: ಸಾಮಾನ್ಯವಾಗಿ ನೀವು ಯಾವ ಜಾಲತಾಣಕ್ಕೆ ಯಾವಾಗ ಹೋದಿರಿ ಎಂಬುದು ಇವರಿಗೆ ಕಾಣುತ್ತದೆ. ಎಚ್‌ಟಿಟಿಪಿಎಸ್ ಇದ್ದರೆ ಒಳಗೆ ಓದಿದ ಪುಟವಾಗಲಿ ಟೈಪ್ ಮಾಡಿದ ಪದವಾಗಲಿ ಕಾಣುವುದಿಲ್ಲ.
4. ಜಾಲತಾಣ: ನಿಮ್ಮ ಐಪಿ ವಿಳಾಸ, ಫೋನಿನ ಬಗೆ, ಅಲ್ಲಿ ಮಾಡಿದ ಕೆಲಸ ಎಲ್ಲವೂ ಅದಕ್ಕೆ ಗೊತ್ತು.
5. ಜಾಹೀರಾತು ಕಂಪನಿಗಳು: ಬಹಳಷ್ಟು ಜಾಲತಾಣಗಳ ಒಳಗೆ ಇವರ ಕೋಡ್ ಇರುತ್ತದೆ. ಒಂದು ಕಡೆ ನೋಡಿದ ಚಪ್ಪಲಿ ಇನ್ನೊಂದು ಕಡೆ ಜಾಹೀರಾತಾಗಿ ಹಿಂಬಾಲಿಸುವುದು ಹೀಗೆ.

ನಮ್ಮಲ್ಲಿ ಹೆಚ್ಚು ತೊಂದರೆ ಕೊಡುವುದು ಎರಡನೆಯ ನಿಲ್ದಾಣ. ಮಗಳ ಫೋನಿನಲ್ಲಿ ಅಪ್ಪನ ಗೂಗಲ್ ಖಾತೆ ಇರುತ್ತದೆ. ಹೊಸ ಫೋನ್ ಕೊಂಡಾಗ ಮೊಬೈಲ್ ಅಂಗಡಿಯವರೇ ಖಾತೆ ತೆರೆದು ಪಾಸ್‌ವರ್ಡ್ ಹಾಕಿಕೊಟ್ಟಿರುತ್ತಾರೆ. ಮನೆಯ ಟಿವಿಯಲ್ಲಿ ಯೂಟ್ಯೂಬ್ ಅದೇ ಖಾತೆಯಿಂದ ನಡೆಯುತ್ತಿದ್ದರೆ, ರಾತ್ರಿ ಫೋನಿನಲ್ಲಿ ನೋಡಿದ್ದು ಬೆಳಿಗ್ಗೆ ಟಿವಿಯ ಸಲಹೆಗಳಲ್ಲಿ ಬರಬಹುದು. ಪಾಸ್‌ವರ್ಡ್ ಬೇರೆಯವರಿಗೆ ಗೊತ್ತಿರುವ ಖಾತೆಯಲ್ಲಿ ಖಾಸಗಿತನ ಇರುವುದಿಲ್ಲ.

ನಂಬಿಕೆ 1: ಇನ್‌ಕಾಗ್ನಿಟೋದಲ್ಲಿ ಹುಡುಕಿದರೆ ಯಾರಿಗೂ ತಿಳಿಯುವುದಿಲ್ಲ

ವಾಸ್ತವ: ಭಾಗಶಃ ನಿಜ. ಅದೇ ಫೋನನ್ನು ಆಮೇಲೆ ಕೈಗೆತ್ತಿಕೊಂಡವರಿಗೆ ತಿಳಿಯುವುದಿಲ್ಲ, ಅಷ್ಟೇ.

ಖಾಸಗಿ ವಿಂಡೋ ಮುಚ್ಚಿದ ಕೂಡಲೇ ಬ್ರೌಸರ್ ಆ ಅವಧಿಯ ಇತಿಹಾಸ, ಕುಕೀಗಳು ಮತ್ತು ಫಾರಂಗಳಲ್ಲಿ ತುಂಬಿದ ಮಾಹಿತಿಯನ್ನು ಮರೆಯುತ್ತದೆ. ಡೌನ್‌ಲೋಡ್ ಮಾಡಿದ ಕಡತಗಳು ಮತ್ತು ಉಳಿಸಿದ ಬುಕ್‌ಮಾರ್ಕ್‌ಗಳು ಮಾತ್ರ ಹಾಗೆಯೇ ಇರುತ್ತವೆ. ಮೇಲಿನ ಪಟ್ಟಿಯಲ್ಲಿ ಮೂರು ಮತ್ತು ನಾಲ್ಕನೆಯ ನಿಲ್ದಾಣಗಳಿಗೆ ಕಾಣುವುದು ಕಂಡೇ ಕಾಣುತ್ತದೆ. ಖಾಸಗಿ ವಿಂಡೋದ ಒಳಗೇ ಜಿಮೇಲ್‌ಗೆ ಲಾಗಿನ್ ಆದರೆ, ಆಮೇಲಿನ ಹುಡುಕಾಟ ಖಾತೆಗೂ ಸೇರಬಹುದು.

ಈ ತಪ್ಪು ತಿಳಿವಳಿಕೆ ನ್ಯಾಯಾಲಯಕ್ಕೂ ಹೋಗಿದೆ. ಇನ್‌ಕಾಗ್ನಿಟೋದಲ್ಲಿದ್ದಾಗಲೂ ಗೂಗಲ್ ಮಾಹಿತಿ ಸಂಗ್ರಹಿಸುತ್ತಿದೆ ಎಂದು 2020ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಳಕೆದಾರರು ಮೊಕದ್ದಮೆ ಹೂಡಿ ಕನಿಷ್ಠ 500 ಕೋಟಿ ಡಾಲರ್ ಪರಿಹಾರ ಕೇಳಿದರು. 2024ರಲ್ಲಿ ಹೊರಬಂದ ರಾಜಿಯಂತೆ, ಹೀಗೆ ಸಂಗ್ರಹಿಸಿದ ಶತಕೋಟಿಗಟ್ಟಲೆ ದಾಖಲೆಗಳನ್ನು ನಾಶ ಮಾಡಲು ಮತ್ತು ಬಳಕೆದಾರರಿಗೆ ಕೊಡುವ ವಿವರಣೆಯನ್ನು ಸರಿಪಡಿಸಲು ಗೂಗಲ್ ಒಪ್ಪಿಕೊಂಡಿತು. ಇನ್‌ಕಾಗ್ನಿಟೋ ತೆರೆದಾಗ ಬರುವ ಕಪ್ಪು ಪುಟವನ್ನು ಒಮ್ಮೆ ನಿಧಾನವಾಗಿ ಓದಿ. ಯಾರಿಗೆ ಇನ್ನೂ ಕಾಣಬಹುದು ಎಂಬುದು ಅಲ್ಲಿಯೇ ಬರೆದಿದೆ.

ಹಾಗಾದರೆ ಇದು ನಿರುಪಯುಕ್ತವೇ? ಅಲ್ಲ. ಒಂದೇ ಫೋನನ್ನು ಮನೆಮಂದಿಯೆಲ್ಲ ಬಳಸುವಾಗ, ಸೈಬರ್ ಸೆಂಟರ್‌ನಲ್ಲಿ ಅರ್ಜಿ ಹಾಕುವಾಗ, ಬೇರೆಯವರ ಲ್ಯಾಪ್‌ಟಾಪ್‌ನಲ್ಲಿ ಮೇಲ್ ನೋಡುವಾಗ ಖಾಸಗಿ ವಿಂಡೋ ಬಹಳ ಒಳ್ಳೆಯದು. ಕೆಲಸ ಮುಗಿದ ಮೇಲೆ ವಿಂಡೋ ಮುಚ್ಚಲು ಮರೆಯಬಾರದು.

ಕಚೇರಿ ಕೊಟ್ಟ ಲ್ಯಾಪ್‌ಟಾಪ್ ವಿಷಯ ಬೇರೆ. ಅದರಲ್ಲಿ ನಿಗಾ ಇಡುವ ತಂತ್ರಾಂಶವಿದ್ದರೆ ಎಚ್‌ಟಿಟಿಪಿಎಸ್ ಕೂಡ ಅಡ್ಡಿಯಾಗದು, ಓದಿದ ಪುಟವೂ ಕಾಣಬಹುದು. ಆರೋಗ್ಯದ ಚಿಂತೆ, ಹೊಸ ಕೆಲಸದ ಹುಡುಕಾಟ ಇವನ್ನು ಸ್ವಂತ ಫೋನಿನಲ್ಲಿ, ಸ್ವಂತ ಡೇಟಾದಲ್ಲಿ ಮಾಡುವುದು ಲೇಸು.

ನಂಬಿಕೆ 2: ಬೀಗದ ಗುರುತಿದ್ದರೆ ಜಾಲತಾಣ ಅಸಲಿ

ವಾಸ್ತವ: ತಪ್ಪು.

ಎಚ್‌ಟಿಟಿಪಿಎಸ್ ಎಂದರೆ ನಿಮಗೂ ಜಾಲತಾಣಕ್ಕೂ ನಡುವೆ ಹೋಗುವ ಮಾಹಿತಿ ಅಂಟಿಸಿದ ಲಕೋಟೆಯಲ್ಲಿ ಹೋಗುತ್ತದೆ, ನಡುವಿನವರು ಒಡೆದು ಓದಲಾರರು ಎಂದರ್ಥ. ಆದರೆ ಲಕೋಟೆ ತಲುಪುವುದು ಕಳ್ಳನ ಮನೆಗೇ ಆದರೆ? ಈ ಭದ್ರತೆಗೆ ಬೇಕಾದ ಪ್ರಮಾಣಪತ್ರ ಪಡೆಯುವುದು ಈಗ ಸುಲಭ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ. ಇದರಿಂದ ಇಡೀ ಜಾಲ ಹೆಚ್ಚು ಸುರಕ್ಷಿತವಾಯಿತು. ಜೊತೆಗೆ ನಕಲಿ ಜಾಲತಾಣಗಳಿಗೂ ಬೀಗ ಸಿಕ್ಕಿತು.

ಬೀಗದ ಗುರುತಿನ ಸರಿಯಾದ ಅರ್ಥ ಗೊತ್ತಿದ್ದವರು ಶೇ. 11ರಷ್ಟು ಜನ ಮಾತ್ರ ಎಂದು ಗೂಗಲ್ 2021ರಲ್ಲಿ ನಡೆಸಿದ ಅಧ್ಯಯನದಲ್ಲಿ ಕಂಡುಬಂತು. 2023ರಲ್ಲಿ ಕ್ರೋಮ್ ಆ ಗುರುತನ್ನೇ ತೆಗೆದು ಬೇರೆ ಚಿಹ್ನೆ ಹಾಕಿತು. ಬೀಗ ಇಲ್ಲದ ಜಾಲತಾಣದಲ್ಲಿ ಪಾಸ್‌ವರ್ಡ್ ಹಾಕಬಾರದು ಎಂಬುದು ಸರಿ. ಬೀಗ ಇದ್ದರೆ ಹಾಕಬಹುದು ಎಂಬುದು ಸರಿಯಲ್ಲ.

ನಂಬಿಕೆ 3: ಮೊದಲು ಬಂದ ಫಲಿತಾಂಶವೇ ಅಧಿಕೃತ

ವಾಸ್ತವ: ತಪ್ಪು. ಹಣ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ.

ಹುಡುಕಾಟದ ಪುಟದ ಮೇಲ್ಭಾಗದಲ್ಲಿ ಬರುವುದು ಹಲವು ಸಲ ಹಣ ಕೊಟ್ಟು ಹಾಕಿಸಿದ ಜಾಹೀರಾತು. ‘ಪ್ರಾಯೋಜಿತ’ ಎಂಬ ಸಣ್ಣ ಅಕ್ಷರ ಕಣ್ಣಿಗೆ ಬೀಳುವುದಿಲ್ಲ. ನಕ್ಷೆಯಲ್ಲಿ ಕಾಣುವ ಫೋನ್ ಸಂಖ್ಯೆಗಳನ್ನು ಬದಲಿಸಲು ಸಾಮಾನ್ಯ ಬಳಕೆದಾರರೂ ಸಲಹೆ ಕಳಿಸಬಹುದು. ವಂಚಕರು ಹೀಗೆ ಬ್ಯಾಂಕ್ ಶಾಖೆಗಳ ಸಂಖ್ಯೆಯ ಜಾಗದಲ್ಲಿ ತಮ್ಮ ಸಂಖ್ಯೆ ಸೇರಿಸಿದ ದೂರುಗಳು 2018ರಲ್ಲೇ ಮಹಾರಾಷ್ಟ್ರ ಪೊಲೀಸರಿಗೆ ಬಂದಿದ್ದವು.

ವಂಚನೆ ನಡೆಯುವ ಬಗೆ ಹೆಚ್ಚುಕಡಿಮೆ ಒಂದೇ. ರೀಫಂಡ್ ಬಂದಿಲ್ಲ, ಪಾರ್ಸೆಲ್ ತಲುಪಿಲ್ಲ ಎಂದು ನೀವೇ ಸಂಖ್ಯೆ ಹುಡುಕಿ ಕರೆ ಮಾಡುತ್ತೀರಿ. ಕರೆ ಮಾಡಿದ್ದು ನಾವೇ ಆದ್ದರಿಂದ ಅನುಮಾನ ಬರುವುದಿಲ್ಲ. ಆ ಕಡೆಯವರು ಮರ್ಯಾದೆಯಿಂದ ಮಾತನಾಡಿ, ನಿಮ್ಮ ಪರದೆ ತಮಗೆ ಕಾಣುವಂತಹ ಒಂದು ಆ್ಯಪ್ ಹಾಕಿಕೊಳ್ಳಲು ಹೇಳುತ್ತಾರೆ, ಅಥವಾ ವಾಟ್ಸ್‌ಆ್ಯಪ್‌ನಲ್ಲಿ ಒಂದು ಎಪಿಕೆ ಕಡತ ಕಳಿಸುತ್ತಾರೆ. ‘ಹತ್ತು ರೂಪಾಯಿ ಕಳಿಸಿ, ಖಾತೆ ಪರಿಶೀಲನೆ ಆಗುತ್ತದೆ’ ಎನ್ನುತ್ತಾರೆ. ಆಗ ನೀವು ಒತ್ತಿದ ಪಿನ್, ಬಂದ ಒಟಿಪಿ ಅವರ ಕೈ ಸೇರುತ್ತದೆ. ಇಂತಹ ಆ್ಯಪ್‌ಗಳಲ್ಲೊಂದಾದ ಎನಿಡೆಸ್ಕ್ ಬಳಸಿ ನಡೆಯುವ ವಂಚನೆಯ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆ್ಯಪ್ ಕಳ್ಳ ಆ್ಯಪ್ ಅಲ್ಲ, ಕಂಪ್ಯೂಟರ್ ರಿಪೇರಿಯವರು ದಿನವೂ ಬಳಸುವಂಥದ್ದು. ಅಪರಿಚಿತರ ಮಾತು ಕೇಳಿ ಹಾಕಿಕೊಂಡಾಗ ಅಪಾಯ.

ಎರಡು ಮಾತು ನೆನಪಿರಲಿ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ. ಪಿನ್ ಕೇಳಿತೆಂದರೆ ಹಣ ಹೋಗುತ್ತಿದೆ ಎಂದರ್ಥ. ಎರಡನೆಯದು, ಯಾವ ಬ್ಯಾಂಕೂ ನಿಮ್ಮ ಪರದೆ ನೋಡಬೇಕೆಂದು ಕೇಳುವುದಿಲ್ಲ.

ಜಾಲತಾಣದ ವಿಳಾಸ ಓದುವುದು ಹೇಗೆ?

ವಿಳಾಸದಲ್ಲಿ ಮೊದಲ ಓರೆಗೆರೆ ಬರುವವರೆಗಿನ ಭಾಗವನ್ನು ತೆಗೆದುಕೊಂಡು, ಅದನ್ನು ಬಲದಿಂದ ಎಡಕ್ಕೆ ಓದಿ. ಮಾಲೀಕರು ಯಾರೆಂದು ಹೇಳುವುದು ಬಲತುದಿ. ‘ಹೆಸರು.ಬ್ಯಾಂಕ್.ಇನ್’ ಎಂದಿದ್ದರೆ ಅದು ಬ್ಯಾಂಕಿನದು. ‘ಹೆಸರು-ಬ್ಯಾಂಕ್-ಇನ್.ಕಾಮ್’ ಎಂದಿದ್ದರೆ ಯಾರದ್ದಾದರೂ ಆಗಿರಬಹುದು. ‘ಹೆಸರು.ಬ್ಯಾಂಕ್.ಇನ್.ಸಹಾಯ.ಕಾಮ್’ ಎಂದಿದ್ದರೆ ಅದರ ಒಡೆಯ ಬ್ಯಾಂಕ್ ಅಲ್ಲ, ‘ಸಹಾಯ.ಕಾಮ್’ ಹೆಸರನ್ನು ಕೊಂಡವರು.

ಭಾರತದ ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ತಮ್ಮ ಜಾಲತಾಣಗಳನ್ನು ‘ಬ್ಯಾಂಕ್ ಡಾಟ್ ಇನ್’ ಕೊನೆಯ ವಿಳಾಸಕ್ಕೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು. ಈ ವಿಳಾಸ ಬ್ಯಾಂಕುಗಳಿಗೆ ಮಾತ್ರ ಸಿಗುತ್ತದೆ. ಸರ್ಕಾರಿ ಜಾಲತಾಣಗಳು ಸಾಮಾನ್ಯವಾಗಿ ‘ಜಿಒವಿ ಡಾಟ್ ಇನ್’ ಅಥವಾ ‘ಎನ್ಐಸಿ ಡಾಟ್ ಇನ್’ ಎಂದು ಕೊನೆಯಾಗುತ್ತವೆ. ಪಾಸ್‌ಪೋರ್ಟ್ ಆಗಲಿ ಸೇವಾಸಿಂಧು ಅರ್ಜಿಯಾಗಲಿ, ಹಣ ಕಟ್ಟುವ ಮುಂಚೆ ಈ ಬಾಲವನ್ನು ನೋಡಿ. ಒಮ್ಮೆ ಸರಿಯಾದ ಜಾಲತಾಣ ಸಿಕ್ಕಿದ ಮೇಲೆ ಬುಕ್‌ಮಾರ್ಕ್ ಮಾಡಿಟ್ಟುಕೊಂಡರೆ ಪ್ರತಿ ಸಲ ಹುಡುಕುವ ಅಪಾಯವಿಲ್ಲ.

ನಂಬಿಕೆ 4: ವಿಪಿಎನ್ ಹಾಕಿದರೆ ನಾವು ಅದೃಶ್ಯ

ವಾಸ್ತವ: ಹೆಚ್ಚಾಗಿ ತಪ್ಪು. ವಿಪಿಎನ್ ನಿಮ್ಮ ದಾರಿಯನ್ನು ಇಂಟರ್ನೆಟ್ ಕಂಪನಿಯಿಂದ ಮುಚ್ಚಿಡುತ್ತದೆ, ಆದರೆ ಅದೇ ದಾರಿಯನ್ನು ವಿಪಿಎನ್ ಕಂಪನಿಗೆ ತೋರಿಸುತ್ತದೆ. ನಂಬಿಕೆಯನ್ನು ಒಬ್ಬರಿಂದ ಇನ್ನೊಬ್ಬರಿಗೆ ವರ್ಗಾಯಿಸಿದಂತೆ. ಉಚಿತ ವಿಪಿಎನ್‌ಗಳ ಬಗ್ಗೆ ಇನ್ನಷ್ಟು ಎಚ್ಚರ ಬೇಕು. ಫೇಸ್‌ಬುಕ್ ಒಡೆತನದಲ್ಲಿದ್ದ ಒನಾವೊ ಎಂಬ ಉಚಿತ ವಿಪಿಎನ್ ‘ನಿಮ್ಮ ಮಾಹಿತಿಯನ್ನು ಕಾಪಾಡುತ್ತೇವೆ’ ಎಂದು ಪ್ರಚಾರ ಮಾಡಿ, ಜನ ಯಾವ ಆ್ಯಪ್ ಎಷ್ಟು ಬಳಸುತ್ತಾರೆಂಬ ಮಾಹಿತಿಯನ್ನು ವ್ಯಾಪಾರಕ್ಕೆ ಬಳಸಿತು. ಇದಕ್ಕಾಗಿ 2023ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಲಯ 2 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಭಾರತದಲ್ಲಿ ವಿಪಿಎನ್ ಕಂಪನಿಗಳು ಗ್ರಾಹಕರ ಹೆಸರು, ವಿಳಾಸ ಮುಂತಾದ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕೆಂದು ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ಕೆಲವು ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ಇಲ್ಲಿಂದ ತೆಗೆದವು.

ವಿಪಿಎನ್ ನಕಲಿ ಜಾಲತಾಣವನ್ನು ತಡೆಯುವುದಿಲ್ಲ, ಲಾಗಿನ್ ಆಗಿರುವ ಖಾತೆಯಿಂದ ನಿಮ್ಮನ್ನು ಮರೆಮಾಡುವುದೂ ಇಲ್ಲ.

ಹಾಗಾದರೆ ಏನು ಮಾಡಬೇಕು?

ಯಾರಿಂದ ಮರೆಯಾಗಬೇಕು ಎಂಬುದನ್ನು ಮೊದಲು ಕೇಳಿಕೊಳ್ಳಿ. ಉತ್ತರಕ್ಕೆ ತಕ್ಕಂತೆ ದಾರಿ ಬೇರೆ.

• ಜಾಹೀರಾತುಗಳಿಂದ: ಮೂರನೆಯವರ ಕುಕೀಗಳನ್ನು ತಡೆಯಿರಿ. ಸಫಾರಿ ಇದನ್ನು ತಾನಾಗಿಯೇ ಮಾಡುತ್ತದೆ, ಫೈರ್‌ಫಾಕ್ಸ್ ಅವುಗಳನ್ನು ಆಯಾ ಜಾಲತಾಣಕ್ಕೇ ಸೀಮಿತಗೊಳಿಸುತ್ತದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಬದಲಿಸಬೇಕು.
• ಖಾತೆಯಲ್ಲಿ ಉಳಿಯದಂತೆ: ಗೂಗಲ್ ಖಾತೆಯ ‘ಡೇಟಾ ಮತ್ತು ಗೌಪ್ಯತೆ’ ಭಾಗದಲ್ಲಿ ವೆಬ್ ಮತ್ತು ಆ್ಯಪ್ ಚಟುವಟಿಕೆಯನ್ನು ನಿಲ್ಲಿಸಬಹುದು, ಇಲ್ಲವೇ 3 ತಿಂಗಳಿಗಿಂತ ಹಳೆಯದು ತಾನಾಗಿಯೇ ಅಳಿಸಿಹೋಗುವಂತೆ ಮಾಡಬಹುದು. ಅಂಗಡಿಯವರು ಹಾಕಿಕೊಟ್ಟ ಪಾಸ್‌ವರ್ಡ್ ಇದ್ದರೆ ಇಂದೇ ಬದಲಿಸಿ.
• ಮನೆಯಲ್ಲಿ ಫೋನ್ ಪರೀಕ್ಷಿಸುವವರಿದ್ದರೆ: ಖಾಸಗಿ ವಿಂಡೋ ಬಳಸಿ. ಇಡೀ ಇತಿಹಾಸ ಅಳಿಸಿದರೆ ಅದೇ ಅನುಮಾನಕ್ಕೆ ಕಾರಣವಾಗಬಹುದು, ಆದ್ದರಿಂದ ಬೇಕಾದ ಒಂದೆರಡನ್ನು ಮಾತ್ರ ಅಳಿಸಿ. ಫೋನಿನಲ್ಲಿ ಗೂಢಚಾರಿಕೆಯ ಆ್ಯಪ್ ಇರುವ ಅನುಮಾನವಿದ್ದರೆ ಇವು ಯಾವುವೂ ಸಾಲವು. ಆ ಆ್ಯಪ್ ತೆಗೆದರೆ ಹಾಕಿದವರಿಗೆ ಗೊತ್ತಾಗಬಹುದು. ನಂಬಿಕಸ್ಥರ ಫೋನಿನಿಂದ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡುವುದು ಕ್ಷೇಮ. ಜೀವಕ್ಕೆ ಅಪಾಯವಿದ್ದರೆ 112.
• ಮನಸ್ಸಿನ ನೋವಿಗೆ: ಹುಡುಕುತ್ತಾ ಕೂರುವ ಬದಲು ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ಈ ಸೇವೆ ಉಚಿತ, ಕನ್ನಡದಲ್ಲೂ ಇದೆ. ಕರೆ ಮಾಡಿದ ಸಂಖ್ಯೆ ಫೋನಿನ ಪಟ್ಟಿಯಲ್ಲಿ ಉಳಿಯುತ್ತದೆ, ಬೇಕಿದ್ದರೆ ಅದನ್ನು ಅಳಿಸಿ.

ಹಣ ಹೋಗಿಬಿಟ್ಟರೆ?

ನಾಚಿಕೆಪಟ್ಟು ಸುಮ್ಮನಿರಬೇಡಿ. ಫೋನಿನ ಇಂಟರ್ನೆಟ್ ಬಂದ್ ಮಾಡಿ, ಬೇರೆ ಫೋನಿನಿಂದ 1930ಕ್ಕೆ ಕರೆ ಮಾಡಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮುಂಚೆ ದೂರು ತಲುಪಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ನಂತರ ಬ್ಯಾಂಕಿಗೆ ತಿಳಿಸಿ ಖಾತೆ ಮತ್ತು ಕಾರ್ಡ್ ಬ್ಲಾಕ್ ಮಾಡಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ವ್ಯವಹಾರದ ಸಂಖ್ಯೆ, ಕರೆ ಮಾಡಿದ ಸಂಖ್ಯೆ, ಸ್ಕ್ರೀನ್‌ಶಾಟ್ ಯಾವುದನ್ನೂ ಅಳಿಸಬೇಡಿ. ‘ಹೋದ ಹಣ ವಾಪಸ್ ಕೊಡಿಸುತ್ತೇವೆ’ ಎಂದು ಕರೆ ಬಂದರೆ ನಂಬಬೇಡಿ, ಒಮ್ಮೆ ಮೋಸ ಹೋದವರನ್ನೇ ಹುಡುಕಿ ಬರುವ ಎರಡನೆಯ ವಂಚನೆ ಅದು.

ತೀರ್ಮಾನ

ಇನ್‌ಕಾಗ್ನಿಟೋ ಫೋನ್ ಹಂಚಿಕೊಳ್ಳುವವರಿಗೆ, ಎಚ್‌ಟಿಟಿಪಿಎಸ್ ದಾರಿಯ ಭದ್ರತೆಗೆ, ವಿಪಿಎನ್ ಇಂಟರ್ನೆಟ್ ಕಂಪನಿಯಿಂದ ಮರೆಯಾಗಲು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಇವುಗಳಲ್ಲಿ ಯಾವುದೂ ವಂಚಕನ ಮಾತಿನಿಂದ ನಮ್ಮನ್ನು ಕಾಪಾಡದು. ಅದಕ್ಕೆ ಬೇಕಾದದ್ದು ವಿಳಾಸದ ಬಾಲ ಓದುವ ಅಭ್ಯಾಸ ಮತ್ತು ಅವಸರ ಮಾಡಿಸುವವರ ಕರೆಯನ್ನು ಕಡಿದುಹಾಕುವ ಧೈರ್ಯ. ಮನೆಯಲ್ಲಿ ಹೊಸದಾಗಿ ಸ್ಮಾರ್ಟ್‌ಫೋನ್ ಹಿಡಿದ ಹಿರಿಯರಿದ್ದರೆ ಅವರ ಬ್ಯಾಂಕಿನ ಸರಿಯಾದ ಸಂಖ್ಯೆಯನ್ನೂ 1930ನ್ನೂ ಅವರ ಫೋನಿನಲ್ಲಿ ಇಂದೇ ಉಳಿಸಿಕೊಡಿ.